ಆರು ಅಂಕದ ಸಾಕ್ಷಿ

"ಇವತ್ತು ನಾನು ಗಂಟೆ ಒತ್ತೋಕ್ಮುಂಚೇನೇ ಇಬ್ರು ಓಡ್ಬಂದ್ರು ಕಣೇ ವರ್ನಾ! ಒಬ್ಳು ತಲೆ ಬಾಚಿದ್ಲು, ಇನ್ನೊಬ್ಳು ಉಗುರು ಕತ್ತರಿಸಿದ್ಲು," ಎಂದಳು ಪಕ್ಕದ ಮಂಚದ ಐಲೀನ್.

"ಇನ್ಸ್‌ಪೆಕ್ಟರ್ ಬಂದಿದಾಳೆ ಅಂತ ಲೆಕ್ಕ. ಸಂಜೆಯೊಳಗೆ ಕಾಲಿನ ಉಗುರೂ ಕತ್ತರಿಸ್ಕೊಂಬಿಡು. ನಾಳೆ ಈ ಮುಖಗಳು ಒಂದೂ ಇರಲ್ಲ."

ವರ್ನಾ ಹ್ಯೂಸ್‌ಬಿಗೆ ಇದೆಲ್ಲ ಹೊಸದಲ್ಲ. ಇಪ್ಪತ್ತಾರು ವರ್ಷ ನಾರ್ತ್ ಡಕೋಟದ ಉದ್ದಗಲಕ್ಕೂ ಇಂಥ ವೃದ್ಧಾಶ್ರಮಗಳ ತಪಾಸಣೆ ಮಾಡಿದವಳು ಅವಳೇ. ಅವಳ ಕಾರು ಅಂಗಳಕ್ಕೆ ಬಂದರೆ ವ್ಯವಸ್ಥಾಪಕರಿಗೆ ಬೆವರು ಕಿತ್ತುಬರುತ್ತಿತ್ತು. ತಪಾಸಣೆಯ ದಿನ ಎಷ್ಟು ಜನ ಕೆಲಸದವರಿದ್ದಾರೆ ಎಂದು ಅವಳು ನೋಡುತ್ತಲೇ ಇರಲಿಲ್ಲ. ಹೋದ ತಿಂಗಳ ಭಾನುವಾರ ಎಷ್ಟು ಜನ ಇದ್ದರು ಎಂದು ಕೆದಕುತ್ತಿದ್ದಳು. ಈಗ ಅವಳಿಗೆ ಎಂಬತ್ತೊಂದು. ಎರಡು ವರ್ಷದಿಂದ ತಾನೇ ಇಲ್ಲಿನ ಗಾಲಿಕುರ್ಚಿಯಲ್ಲಿದ್ದಾಳೆ.

ಅವಳ ತೊಡೆಯ ಮೇಲೆ ಒಂದು ಹಸಿರು ನೋಟ್‌ಬುಕ್ಕು. ಯಾರು ಎಷ್ಟು ಹೊತ್ತಿಗೆ ಸಹಾಯಕ್ಕೆ ಕರೆಗಂಟೆ ಒತ್ತಿದರು, ಎಷ್ಟು ಹೊತ್ತಿಗೆ ಜನ ಬಂದರು, ಎಲ್ಲ ಅದರಲ್ಲಿದೆ. ಅಕ್ಟೋಬರ್ ಐದು, ಭಾನುವಾರ: ಮೂವತ್ತನಾಲ್ಕು ಮುದುಕರಿಗೆ ಒಬ್ಬಳೇ ಸಹಾಯಕಿ. ಎದುರು ಕೋಣೆಯ ಆಲ್ಮಾ ರಾಥ್ ಕಕ್ಕಸಿನಲ್ಲಿ ಕೂತು ಒಂದು ಗಂಟೆ ಐವತ್ತು ನಿಮಿಷ ಕರೆಗಂಟೆ ಒತ್ತುತ್ತಲೇ ಇದ್ದಳು. ಕೊನೆಗೆ ತಾನೇ ಎದ್ದಳು, ಬಿದ್ದಳು, ಸೊಂಟ ಮುರಿಯಿತು. ಹನ್ನೆರಡನೇ ದಿನ ಮಣ್ಣು ಮಾಡಿದರು. ಆದರೆ ಆ ಭಾನುವಾರದ ಕೆಲಸದ ಪಟ್ಟಿಯಲ್ಲಿದ್ದದ್ದು ಐದು ಹೆಸರು. ಅದರಲ್ಲಿ ಇಬ್ಬರು ಆಗಸ್ಟ್‌ನಲ್ಲೇ ಕೆಲಸ ಬಿಟ್ಟವರು. ಅವರನ್ನು ಕಳಿಸಿಕೊಟ್ಟ ದಿನದ ಕೇಕನ್ನು ವರ್ನಾ ತಿಂದಿದ್ದಳು.

ಇಷ್ಟನ್ನು ಒಬ್ಬ ಇನ್ಸ್‌ಪೆಕ್ಟರ್ ಕಿವಿಗೆ ಹಾಕಿದರೆ ಸಾಕಿತ್ತು. ಬಂದವಳೋ ಡಾರ್ಲಾ ಟೀಟ್ಜ್, ವರ್ನಾಳ ಕೈಕೆಳಗೇ ಪಳಗಿದವಳು! ಅವಳು ಬಂದಾಗ ಎಲ್ಲಿ ಸಿಗದೆಹೋಗುವೆನೋ ಎಂದು ವರ್ನಾ ಬೆಳಗಿನಿಂದ ಬಾತ್‌ರೂಮಿಗೂ ಹೋಗದೆ ಬಿಗಿಹಿಡಿದು ಕೂತಿದ್ದಳು.

"ವರ್ನಾ ಮೇಡಂ!" ಡಾರ್ಲಾ ಬಂದು ತಬ್ಬಿಕೊಂಡಳು. ಹಿಂದೆಯೇ ವ್ಯವಸ್ಥಾಪಕ ಕ್ರೇಗ್ ಬಂದು ಬಾಗಿಲಿಗೆ ಒರಗಿದ. "ಚಿನ್ನಾ, ನೆಫ್ಲಾ ಸೂಪು ಕುಡಿದ್ಯಾ?" ಎಂದು ವರ್ನಾಳನ್ನು ಕೇಳಿದ.

'ಚಿನ್ನ', 'ಪುಟ್ಟ' ಎಂದು ದೊಡ್ಡವರನ್ನು ಕರೆದರೆ ವರ್ನಾ ಹಿಂದೆ ಅದನ್ನೂ ತಪ್ಪೆಂದು ಬರೆಯುತ್ತಿದ್ದಳು. ಈಗ ನುಂಗಿಕೊಂಡು ನೋಟ್‌ಬುಕ್ಕು ಚಾಚಿದಳು. "ಡಾರ್ಲಾ, ಇದನ್ನ ಓದು. ಆಲ್ಮಾನ ಇವ್ರೇ ಕೊಂದ್ರು."

ಡಾರ್ಲಾ ನೋಟ್‌ಬುಕ್ಕು ತೆಗೆದುಕೊಳ್ಳಲಿಲ್ಲ. ಕೈಯಲ್ಲಿದ್ದ ಹಾಳೆ ನೋಡಿದಳು. "ಮೇಡಂ, ನೆನಪಿನ ಪರೀಕ್ಷೆಯಲ್ಲಿ ನಿಮಗೆ ಹದಿನೈದಕ್ಕೆ ಆರು ಬಂದಿದೆ. ಎಂಟಕ್ಕಿಂತ ಕಮ್ಮಿ ಇದ್ರೆ ಹೇಳಿಕೆ ತಗೊಳ್ಳಲ್ಲ. ನಿಮಗೆ ಗೊತ್ತಲ್ಲ."

"ಆರಾ? ಯಾವತ್ತು ಮಾಡಿದ್ದು?"

"ಅಕ್ಟೋಬರ್ ಇಪ್ಪತ್ತು."

"ಅವತ್ತು ನಂಗೆ ಮೂತ್ರದ ಸೋಂಕು, ನೂರಮೂರು ಜ್ವರ! ಈ ಕ್ರೇಗ್‌ನನ್ನೇ ಸತ್ತ ನನ್ನ ಗಂಡ ಅಂದ್ಕೊಂಡು ಬೈತಿದ್ದೆನಂತೆ. ಅದೇ ಸಮಯ ನೋಡ್ಕೊಂಡು ಪರೀಕ್ಷೆ ಮಾಡಿಸಿದಾನೆ, ಕಳ್ಳ. ಈಗ ಕೇಳು. ಇವತ್ತು ಗುರುವಾರ, ನವೆಂಬರ್ ಹದಿಮೂರು. ಕೇಳೇ!"

"ನಾನು ಕೇಳೋ ಹಾಗಿಲ್ಲ, ಪರೀಕ್ಷೆ ಮಾಡೋದು ಆಶ್ರಮದವ್ರ ಕೆಲಸ," ಎಂದು ಡಾರ್ಲಾ ಐಲೀನ್ ಕಡೆ ತಿರುಗಿದಳು. "ನಿಮಗೆ ಹದಿಮೂರು ಅಂಕ ಇದೆ. ನೀವು ಹೇಳಿ, ಗಂಟೆ ಒತ್ತಿದ್ರೆ ಜನ ಬರ್ತಾರಾ?"

ಐಲೀನ್ ಬಾಗಿಲಲ್ಲಿದ್ದ ಕ್ರೇಗ್‌ನನ್ನು ನೋಡಿದಳು, ವರ್ನಾಳನ್ನು ನೋಡಲಿಲ್ಲ. "ಅಯ್ಯೋ, ಒತ್ತೋಕ್ಮುಂಚೇನೇ ಬರ್ತಾರಮ್ಮ," ಎಂದು ಕತ್ತರಿಸಿದ ಉಗುರು ತೋರಿಸಿದಳು.

ಡಾರ್ಲಾ ಬರೆದುಕೊಂಡಳು. ಆಮೇಲೆ ವರ್ನಾಳ ಮುಂದೆ ಮೊಣಕಾಲೂರಿ ಕೂತು, ಮಗುವಿನ ಜೊತೆ ಮಾತಾಡುವಂತೆ ದನಿ ಏರಿಸಿದಳು. "ಕೆನಡಾ ಗಡಿ ಹತ್ರದ ಆಶ್ರಮದ ಆ ಮುದುಕ ನೆನಪಿದಾನಾ? 'ಬೆಲ್ಟು, ಬೆಲ್ಟು' ಅಂತ ಅಳ್ತಿದ್ನಲ್ಲ? ಅವನಿಗೆ ನಾಲ್ಕು ಅಂಕ. ನೀವು ಪುಸ್ತಕ ಮುಚ್ಚಿ ಎದ್ದೇಬಿಟ್ರಿ. 'ಮುಖ ನೋಡೋಕ್ಮುಂಚೆ ಅಂಕ ನೋಡು ಡಾರ್ಲಾ' ಅಂದ್ರಿ. ಕಾರಲ್ಲಿ ಎಷ್ಟು ನಕ್ಕಿದ್ವಿ!"

ವರ್ನಾಗೆ ಚೆನ್ನಾಗಿ ನೆನಪಿತ್ತು. ಆ ಮುದುಕ ಅಂಗಿಯ ಗುಂಡಿ ಬಿಚ್ಚುತ್ತಿದ್ದ, ಬೆನ್ನು ತೋರಿಸಲು. ಅವನು ಮೂರನೇ ಗುಂಡಿಗೆ ಬರುವಷ್ಟರಲ್ಲಿ ಅವಳು ಕೋಣೆಯಿಂದ ಹೊರಗಿದ್ದಳು.

"ಅವನ ಬೆನ್ನು..." ಎಂದಳು.

"ಹೌದೌದು," ಡಾರ್ಲಾ ಅವಳ ಕೆನ್ನೆ ಸವರಿದಳು. "ನೀವು ಬರೀತಾ ಇರಿ. ಮನಸ್ಸಿಗೆ ಒಳ್ಳೇದು, ಚಿನ್ನಾ."

ಅವರಿಬ್ಬರೂ ಹೊರಟುಹೋದರು. ಬೆಳಗಿನಿಂದ ತಡೆದಿದ್ದು ಇನ್ನು ತಡೆಯದಾಯಿತು. ವರ್ನಾ ಗಂಟೆ ಒತ್ತಿದಳು. ಹಿಂದೆಂದೂ ಕಾಣದ ಮೂವರು ಹುಡುಗಿಯರು ನಗುನಗುತ್ತ ಓಡಿಬಂದು, ಬಾಗಿಲ ಮೇಲಿನ ಹೆಸರು ಓದಿ, ಅವಳ ತೋಳಿಗೆ ಕೈ ಹಾಕಿದರು.

"ತಾಳಿ," ಎಂದು ವರ್ನಾ ಗೋಡೆಯ ಗಡಿಯಾರ ನೋಡಿ, ಇಪ್ಪತ್ತಾರು ವರ್ಷ ಸುಳ್ಳು ಬರೆಯದ ಕೈಯಿಂದ ನೋಟ್‌ಬುಕ್ಕಿನಲ್ಲಿ ಬರೆದಳು: ಹನ್ನೊಂದು ಇಪ್ಪತ್ತು. ಒಂಬತ್ತು ಸೆಕೆಂಡು.