ಕೆಳಗಿನ ತನಕ ಬರ್ತೀನಿ ಇರು

ನನ್ನಮ್ಮನ ಮೊಣಕಾಲಿಗೆ ಆಪರೇಷನ್ ಆಗಿದೆ. ಮನೆ ಇರುವುದು ಚೀನಾದ ತಾಯ್‌ಯುವಾನ್‌ನ ಹಳೇ ಬಟ್ಟೆ ಗಿರಣಿಯ ಕ್ವಾರ್ಟರ್ಸಿನಲ್ಲಿ, ಐದನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲ ತಂಟೆಗೇ ಹೋಗಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ತೆಪ್ಪಗೆ ಮನೆಯಲ್ಲಿ ಕೂರುತ್ತಿದ್ದರು. ಅಮ್ಮ ಮಾತ್ರ ನಾನು ಕೋಟು ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಊರುಗೋಲು ಹುಡುಕಲು ಶುರುಮಾಡುತ್ತಾಳೆ.

“ಕೆಳಗಿನ ತನಕ ಬರ್ತೀನಿ ಇರು.”

“ಬೇಡಮ್ಮ, ಕೂತ್ಕೋ.”

“ಗೇಟಿನ ತನಕ ಅಷ್ಟೇ.”

“ಗೇಟು ಐದು ಮಹಡಿ ಕೆಳಗಿದೆ!”

“ಅದಕ್ಕೇ ಹೇಳಿದ್ದು, ಬೇಗ ಹೊರಡೋಣ ಅಂತ.”

ಬಂದವರನ್ನು ಬಾಗಿಲಲ್ಲೇ ಕಳಿಸಿಬಿಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಮೆಟ್ಟಿಲಿಳಿದು, ಗೇಟು ದಾಟಿ, ಸಾಧ್ಯವಾದರೆ ಬಸ್ ಸ್ಟಾಪಿನವರೆಗೂ ಹೋಗಿ, ಬಸ್ಸು ಮರೆಯಾಗುವವರೆಗೆ ಕೈ ಬೀಸಬೇಕು. ಕೈಲಾಗದವರು ಬಾಗಿಲು ತೆರೆದುಕೊಂಡು ನಿಂತಿರಬೇಕು; ಹೋದವರ ಹೆಜ್ಜೆ ಸದ್ದು ಪೂರ್ತಿ ಅಡಗಿದ ಮೇಲೆ ಮೆಲ್ಲಗೆ ಹಾಕಿಕೊಳ್ಳಬೇಕು. ಬೆನ್ನ ಹಿಂದೆಯೇ ಧಡಾರನೆ ಬಾಗಿಲು ಬಡಿದರೆ, ಇನ್ನು ಈ ಕಡೆ ತಲೆ ಹಾಕಬೇಡ ಎಂದು ಮುಖಕ್ಕೇ ಹೇಳಿದ ಹಾಗೆ. ಈ ವಿಷಯದಲ್ಲಿ ಅಮ್ಮನ ಹೆಸರು ಇಡೀ ಕ್ವಾರ್ಟರ್ಸಿಗೇ ದೊಡ್ಡದು. ಗ್ಯಾಸ್ ಮೀಟರ್ ನೋಡಲು ಬಂದವನ ಜೇಬಿಗೆ ಕಿತ್ತಳೆ ತುರುಕಿ ಗೇಟಿನವರೆಗೆ ಬಿಟ್ಟು ಬಂದವಳು. ಅವನು ಗಾಬರಿಬಿದ್ದು, ‘ಮೀಟರಲ್ಲಿ ಏನೂ ತಪ್ಪಿಲ್ಲ ಅಜ್ಜಿ’ ಎಂದು ದಾರಿಯುದ್ದಕ್ಕೂ ಹೇಳುತ್ತ ಹೋದನಂತೆ.

ಅವರೆಲ್ಲ ಹೊರಗಿನವರು, ಆಗಲಿ. ಆದರೆ ನಾನು ಯಾರು? ಈ ಮನೆಯ ಗೋಡೆಗೆ ಒರಗಿಸಿ ನನ್ನ ಎತ್ತರ ಗೀಚಿದ ಪೆನ್ಸಿಲ್ ಗೆರೆಗಳು ಅಡುಗೆಮನೆ ಬಾಗಿಲ ಪಕ್ಕ ಇನ್ನೂ ಇವೆ. ಗಂಡನಿಂದ ಬಿಡುಗಡೆ ಪಡೆದು ಈ ವಸಂತದಲ್ಲಿ ಊರಿಗೆ ಮರಳಿದೆ. ಬಸ್ ಡಿಪೋ ಹತ್ತಿರ ಒಂದು ಬಾಡಿಗೆ ರೂಮು ಹಿಡಿದಿದ್ದೇನೆ. ಆಪರೇಷನ್ ಆದಾಗಿನಿಂದ ದಿನವೂ ಬಂದು ಅಡುಗೆ ಮಾಡುತ್ತೇನೆ, ಅವಳ ಕಾಲಿಗೆ ಬಿಸಿ ಶಾಖ ಕೊಡುತ್ತೇನೆ. ಅವಳು ನನಗೆ ಮನೆಯೊಳಗೆ ಹಾಕಿಕೊಳ್ಳಲು ಅತಿಥಿಗಳಿಗೆಂದೇ ಇಟ್ಟ ಚಪ್ಪಲಿ ಕೊಡುತ್ತಾಳೆ, ಸೇಬು ಸಿಪ್ಪೆ ತೆಗೆದು ಕೊಡುತ್ತಾಳೆ, ನಾನೇ ಮಾಡಿದ ಮಾಂಸದಲ್ಲಿ ಒಳ್ಳೇ ತುಂಡು ಆರಿಸಿ ನನ್ನ ಬಟ್ಟಲಿಗೇ ಹಾಕುತ್ತಾಳೆ. ಆಮೇಲೆ ಊರುಗೋಲು. ಸಿಟ್ಟು ಬರದೆ ಇನ್ನೇನು ಬಂದೀತು?

ಈ ಸಿಟ್ಟಿನ ಬುಡದಲ್ಲಿ ಇನ್ನೊಂದು ವಿಷಯವಿತ್ತು. ಹೊಸ ವರ್ಷ ಹತ್ತಿರ ಬರುತ್ತಿತ್ತು. ಕೊಟ್ಟ ಹೆಣ್ಣು ವರ್ಷದ ಕೊನೆಯ ರಾತ್ರಿ ತವರಿನ ದೀಪ ನೋಡಬಾರದು, ನೋಡಿದರೆ ಅಣ್ಣ ತಮ್ಮಂದಿರಿಗೆ ಕೇಡು ಎನ್ನುತ್ತಾರೆ ನಮ್ಮ ಕಡೆ. ನನಗೊಬ್ಬ ಅಣ್ಣನಿದ್ದಾನೆ; ಬೇರೆ ಮನೆ ಮಾಡಿಕೊಂಡಿದ್ದರೂ ಆ ರಾತ್ರಿ ಊಟಕ್ಕೆ ಅಮ್ಮನ ಮನೆಗೇ ಬರುತ್ತಾನೆ. ಹಬ್ಬದ ಎರಡನೇ ದಿನ ಕೈಯಲ್ಲಿ ಉಡುಗೊರೆ ಹಿಡಿದು ಬರಬೇಕು, ಉಂಡು ಹೋಗಬೇಕು. ಗಂಡನ ಮನೆ ಬಿಟ್ಟು ಬಂದವಳು ಆ ರಾತ್ರಿ ಎಲ್ಲಿ ಉಣ್ಣಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಊರೆಲ್ಲ ಮನೆ ಮಂದಿ ಒಟ್ಟಿಗೆ ಕೂತು ಕಡುಬು ತಿನ್ನುವಾಗ ಡಿಪೋ ಪಕ್ಕದ ರೂಮಿನಲ್ಲಿ ಒಬ್ಬಳೇ ಕೂರುವುದೇ ಕಣ್ಣ ಮುಂದೆ ಬರುತ್ತಿತ್ತು. ‘ಬಾ’ ಎಂದು ಅಮ್ಮ ಒಂದು ಮಾತು ಹೇಳಲಿ ಎಂದು ಕಾಯುತ್ತಿದ್ದೆ. ನಾನಾಗಿ ಕೇಳಲಾರೆ. ಅವಳು ಹೇಳುತ್ತಿದ್ದುದು ಒಂದೇ: “ಕೆಳಗಿನ ತನಕ ಬರ್ತೀನಿ ಇರು.”

ಹಬ್ಬಕ್ಕೆ ಕೆಲವೇ ದಿನವಿರುವಾಗ ಒಂದು ಮಧ್ಯಾಹ್ನ ಮೊಟ್ಟೆ ತಂದಿದ್ದೆ. “ಬರೋವಾಗೆಲ್ಲ ಯಾಕೆ ಏನಾದ್ರೂ ತರ್ತೀಯ?” ಎಂದಳು. ಹೊರಡುವಾಗ ಆ ಮೊಟ್ಟೆ ಡಬ್ಬಿಯನ್ನೇ ನನ್ನ ಕೈಗೆ ತುರುಕಿದಳು. ನಾನು ಮೇಜಿನ ಮೇಲಿಟ್ಟು ಓಡಿದೆ. ಡಬ್ಬಿ ಕಂಕುಳಲ್ಲಿ, ಕೋಲು ಕೈಯಲ್ಲಿ, ಅವಳು ಬೆನ್ನಿಗೇ ಬಂದಳು. ಮೂರನೇ ಮಹಡಿಯಲ್ಲಿ ನನ್ನನ್ನು ಹಿಡಿದೇಬಿಟ್ಟಳು!

“ತಗೊಂಡ್ಹೋಗು. ನಾನೊಬ್ಳು ಎಷ್ಟು ತಿಂತೀನಿ?”

“ಅಮ್ಮಾ, ಬಿಡು. ಕಾಲು ನೋಡ್ಕೋ.”

“ನೀನು ಬಿಡು ಮೊದ್ಲು.”

ಇಬ್ಬರೂ ಬಿಟ್ಟೆವು. ಡಬ್ಬಿ ಮೆಟ್ಟಿಲ ಮೇಲೆ ಬಿತ್ತು. ಅದನ್ನು ಹಿಡಿಯಲು ಬಗ್ಗಿದ ಅಮ್ಮನ ಕಾಲು ಹೊರಳಿ, ಅವಳು ಕುಸಿದು ಕೂತಳು. ಹಳದಿ ಲೋಳೆ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು.

ನನ್ನ ತಲೆ ಕೆಟ್ಟುಹೋಯಿತು. “ನಾನೇನು ನೆಂಟಳಾ ನಿನಗೆ? ದಿನಾ ಮೆರವಣಿಗೆ ಮಾಡ್ಕೊಂಡು ಬಂದು ಗೇಟು ದಾಟಿಸ್ತೀಯಲ್ಲ, ವಾಪಸ್ ಬಂದ್ಬಿಟ್ಟಾಳು ಅಂತ ಭಯಾನಾ? ಹಬ್ಬದ ರಾತ್ರಿ ಎಲ್ಲಿರ್ತೀಯ ಅಂತ ಒಂದು ಮಾತು ಕೇಳ್ದೆಯಾ ನೀನು?”

ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಎದುರಿನ ಬಾಗಿಲು ತೆರೆಯಿತು. ಗಿರಣಿಯಲ್ಲಿ ಅಮ್ಮನ ಜೊತೆ ದುಡಿದ ಗುವೋ ದೊಡ್ಡಮ್ಮ ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

“ಅಯ್ಯೋ, ಒಳಗೆ ಬಾರೇ, ಒಂದು ಲೋಟ ಟೀ ಕುಡಿ,” ಎಂದಳು ದೊಡ್ಡಮ್ಮ.

ನೆಲದ ಮೇಲೆ, ಮೊಟ್ಟೆ ಲೋಳೆಯ ನಡುವೆ ಕೂತಿದ್ದ ನನ್ನಮ್ಮ ತಲೆಗೂದಲು ಸರಿಮಾಡಿಕೊಂಡು ನಕ್ಕಳು. “ಬೇಡ ಗುವೋ ಅಕ್ಕ, ಈಗ ತಾನೇ ಕುಡಿದೆ. ನಿಮಗ್ಯಾಕೆ ತೊಂದ್ರೆ?”

“ತೊಂದ್ರೆ ಏನು ಬಂತು? ನೀರು ಕುದೀತಾ ಇದೆ.”

“ಇಲ್ಲ ಇಲ್ಲ, ನಿಮಗೆ ಕೆಲ್ಸ ಇದೆ. ಇನ್ನೊಂದಿನ ಬರ್ತೀನಿ.”

“ಅಮ್ಮಾ! ನಿನಗೆ ಏಳೋಕೇ ಆಗ್ತಿಲ್ಲ!” ಎಂದು ಕಿರುಚಿದೆ.

“ದೊಡ್ಡವರ ಮುಂದೆ ಹಾಗೆ ಕಿರುಚಬಾರದು,” ಎಂದು ನನಗೇ ಗದರಿದಳು.

ಕೊನೆಗೆ ನಾವಿಬ್ಬರೂ ಎರಡು ಕಡೆ ಹಿಡಿದು ಅವಳನ್ನು ಮೇಲೆ ಹತ್ತಿಸಿದೆವು. ಪ್ರತಿ ತಿರುವಿನಲ್ಲೂ ಅವಳು, ‘ನೀವು ಇಲ್ಲೇ ನಿಲ್ಲಿ ಅಕ್ಕ, ಮುಂದೆ ಬರಬೇಡಿ’ ಎನ್ನುವುದು, ದೊಡ್ಡಮ್ಮ, ‘ಇನ್ನು ಸ್ವಲ್ಪ’ ಎನ್ನುವುದು. ಮನೆ ತಲುಪಿದ ಮೇಲೆ ದೊಡ್ಡಮ್ಮನನ್ನು ಬೀಳ್ಕೊಡಲು ಮತ್ತೆ ಎದ್ದಳು. ನಾನು ಭುಜ ಹಿಡಿದು ಕೂರಿಸಿದೆ. ಅವತ್ತು ಅಳುತ್ತಲೇ ರೂಮಿಗೆ ಹೋದೆ.

ಮರುದಿನ ಹೋದಾಗ ಅಮ್ಮನ ಮೊಣಕಾಲು ಊದಿತ್ತು. ಅತಿಥಿ ಚಪ್ಪಲಿ ಬಾಗಿಲ ಬಳಿ ಇರಲಿಲ್ಲ, ಬರೀ ಸಾಕ್ಸಿನಲ್ಲೇ ಓಡಾಡಿದೆ. ಸೇಬು ಹಾಗೇ ಇತ್ತು, ಯಾರೂ ಸಿಪ್ಪೆ ತೆಗೆಯಲಿಲ್ಲ. ಮುನಿಸು ಇಷ್ಟು ದೂರ ಹೋಯಿತೇ ಅಂದುಕೊಂಡೆ. ಪಾತ್ರೆ ತೊಳೆದಿಟ್ಟು ಕೋಟು ಹಾಕಿಕೊಂಡೆ.

ಅಮ್ಮ ಕುರ್ಚಿಯಿಂದ ಏಳಲಿಲ್ಲ. ಕೋಲಿನ ತುದಿಯಿಂದ ಮೂಲೆಯತ್ತ ತೋರಿಸಿದಳು.

“ಕಸ ತಗೊಂಡ್ಹೋಗಿ ಹಾಕು. ನಾರ್ತಿದೆ.”

ಚೀಲ ಎತ್ತಿಕೊಂಡೆ.

“ವರ್ಷದ ಕೊನೇ ದಿನ ಬೆಳಿಗ್ಗೇನೇ ಬಂದ್ಬಿಡು. ಹಿಟ್ಟು ನಾದೋಕೆ ನನ್ಕೈಲಾಗಲ್ಲ. ಬರ್ತಾ ವಿನೆಗರ್ ತಗೊಂಡ್ಬಾ, ದೊಡ್ಡ ಬಾಟ್ಲು. ರಾತ್ರಿಗೆ ನನ್ನ ಹಾಸಿಗೇಲೇ ಮಲಕ್ಕೋ.”

“ಅಣ್ಣ ಏನಂತಾನೆ?”

“ಫೋನ್ ಮಾಡಿದ್ದೆ. ದೀಪ ಗೀಪ ಅಂದ. ನಿನ್ನ ತಂಗಿ ನೋಡಿದ್ರೆ ನಿನಗೆ ಕೇಡಾಗೋ ಹಾಗಿದ್ರೆ, ನೀನೇ ಕಣ್ಮುಚ್ಕೊಂಡು ಉಣ್ಣಪ್ಪ, ಅಂದೆ.” ಅಷ್ಟು ಹೇಳಿ ಕೋಲೂರಿ ಎದ್ದಳು. ಮತ್ತೆ ಕೆಳಗಿನ ತನಕ ಹೊರಟಳೇನೋ ಅಂದುಕೊಂಡೆ. ಅವಳು ಬಂದದ್ದು ಬಾಗಿಲವರೆಗೆ ಮಾತ್ರ. “ಏನು ಮರದ ಹಾಗೆ ನಿಂತಿದೀಯ? ಥಂಡಿ ಗಾಳಿಯೆಲ್ಲ ಒಳಗೆ ಬರ್ತಿದೆ. ನಡಿ ನಡಿ.”

ಹೊರಗೆ ಕಾಲಿಟ್ಟಿದ್ದೇ ತಡ, ಕೋಲಿನಿಂದ ಬಾಗಿಲನ್ನು ತಳ್ಳಿದಳು. ನನ್ನ ಬೆನ್ನಿಗೇ ಅದು ಧಡಾರನೆ ಬಡಿಯಿತು. ಇಡೀ ಮೆಟ್ಟಿಲಸಾಲಿಗೆ ಕೇಳಿಸಿರಬೇಕು. ಕೆಳಗೆ ಗುವೋ ದೊಡ್ಡಮ್ಮ ಬಾಗಿಲಿಂದ ತಲೆ ಹೊರಹಾಕಿ, “ಇನ್ನೂ ಜಗಳಾನಾ?” ಎಂದು ಕೇಳಿದಳು.

ಚೀಲ ತೂತಾಗಿ ಎಲೆಕೋಸಿನ ಕೊಳೆ ನೀರು ನನ್ನ ಷೂ ಮೇಲೆಲ್ಲ ಸುರಿಯುತ್ತಿತ್ತು. ಒಂದು ಗಟ್ಟಿ ಚೀಲಕ್ಕೂ ಗತಿಯಿಲ್ಲದ ಮನೆ ನಮ್ಮದು.

“ಹೂಂ ದೊಡ್ಡಮ್ಮ,” ಎಂದೆ, ಅಳು ಬರುತ್ತಿದ್ದರೂ ನಗುತ್ತ. “ಅಮ್ಮ ನನ್ನ ಹೊರಗೆ ಹಾಕಿಬಿಟ್ಟಳು.”