ಮುಯ್ಯಾಳು ಮೇಷ್ಟ್ರು

ಗೋವಿಂದಯ್ಯನವರ ನಂತರ ಪಿರಿಯಾಪಟ್ಟಣದ ಆ ಕಾಲೇಜಿಗೆ ಫುಟ್‌ಬಾಲ್ ಕೋಚ್ ಆಗಿ ಬಂದವರು ಯಾರೂ ಕೋಚ್ ಆಗಿ ಉಳಿಯಲಿಲ್ಲ. ಸಿದ್ದಮಲ್ಲಪ್ಪ ಒಂದೆರಡು ವರ್ಷ ಸೀಟಿ ಊದಿ ವಿಮೆ ಏಜೆಂಟರಾದರು. ಅವರ ಹಿಂದೆಯೇ ಬಂದ ಷಣ್ಮುಖಪ್ಪ ಮೈದಾನದ ನಡುವೆ ನೆಟ್ ಕಟ್ಟಿಸಿ, ಇನ್ನು ಮೇಲೆ ವಾಲಿಬಾಲ್ ಎಂದರು. ಆರೇ ಜನ ಸಾಕಲ್ಲ ಎಂಬುದು ಅವರ ವಾದ. ಆ ಆರು ಜನವೂ ಕೂಡದೆ ಹೋದಾಗ ಮಾವನ ಗೊಬ್ಬರದಂಗಡಿಗೆ ಹೋಗಿ ಕೂತರು. ನಿವೃತ್ತಿಯ ತನಕ ಕೋಚ್ ಆಗಿಯೇ ಇದ್ದವರು ಗೋವಿಂದಯ್ಯ ಒಬ್ಬರೇ. ಅವರ ಕಾಲದಲ್ಲಿ ತಂಡ ಒಂದು ವರ್ಷವೂ ತಪ್ಪಿಸಿದ್ದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು.

ನಟರಾಜು ಬಂದದ್ದು ತೊಂಬತ್ತಾರರಲ್ಲಿ. ಚುಂಚನಕಟ್ಟೆಯ ಗದ್ದೆ ಬಯಲಿನವನು. ಮೈಸೂರಿನಲ್ಲಿ ದೈಹಿಕ ಶಿಕ್ಷಣದ ಪದವಿ ಮುಗಿಸಿ, ಫುಟ್‌ಬಾಲ್ ತರಬೇತಿಗೆಂದೇ ಬೇರೆಯೊಂದು ಸರ್ಟಿಫಿಕೇಟನ್ನೂ ತಂದಿದ್ದ. ಕಾಲೇಜು ಕೊಟ್ಟದ್ದು ಹತ್ತು ತಿಂಗಳ ಆರ್ಡರು. ಏಪ್ರಿಲ್‌ನಲ್ಲಿ ಮುಗಿಯುತ್ತಿತ್ತು, ಪ್ರಿನ್ಸಿಪಾಲರ ಮನಸ್ಸಿದ್ದರೆ ಜೂನ್‌ನಲ್ಲಿ ಮತ್ತೆ ಟೈಪಾಗುತ್ತಿತ್ತು. ನಡುವೆ ಏನು ಮಾಡುತ್ತೀಯ ಎಂದು ಯಾರಾದರೂ ಕೇಳಿದರೆ 'ರಜೆ' ಅನ್ನುತ್ತಿದ್ದ.

ಜೂನ್, ಜುಲೈನಲ್ಲಿ ಅವನ ತಂಡ ಚೆನ್ನಾಗಿಯೇ ಇರುತ್ತಿತ್ತು. ಪೇಟೆಯ ಅರ್ಧ ಡಜನ್ ಹುಡುಗರು, ಬೆಟ್ಟದಪುರದ ಸುತ್ತಿನ ಹೊಗೆಸೊಪ್ಪಿನ ಮನೆಗಳಿಂದ ಐದು ಹುಡುಗರು. ಆ ಐವರೇ ತಂಡದ ಬೆನ್ನೆಲುಬು. ಆಗಸ್ಟ್ ಕಳೆದು ಬ್ಯಾರನ್‌ಗಳಿಗೆ ಬೆಂಕಿ ಬಿತ್ತೆಂದರೆ ಅವರು ಮೈದಾನದ ಕಡೆ ತಲೆ ಹಾಕುತ್ತಿರಲಿಲ್ಲ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಆ ಎತ್ತರದ ಕೋಣೆಯೊಳಗೆ ಸಾಲಾಗಿ ಏರಿಸಿ, ಐದಾರು ದಿನ ಹಗಲೂ ಇರುಳೂ ಹದ ನೋಡಿ ಶಾಖ ಕೊಡಬೇಕು. ಶಾಖ ಇಳಿದರೆ ಸೊಪ್ಪು ಕಪ್ಪಾಗುತ್ತದೆ. ಏರಿದರೆ ಬ್ಯಾರನ್ನೇ ಹತ್ತಿಕೊಳ್ಳುತ್ತದೆ. ಒಂದು ಇಳಿಸುವಷ್ಟರಲ್ಲಿ ಇನ್ನೊಂದು ಏರಿಸಬೇಕು. ವಿಶ್ವವಿದ್ಯಾಲಯದ ವಲಯ ಪಂದ್ಯ ಬೀಳುತ್ತಿದ್ದುದೂ ಸರಿಯಾಗಿ ಸೆಪ್ಟೆಂಬರಿನಲ್ಲೇ.

ಹೀಗಾಗಿ ಎರಡು ವರ್ಷ ಸತತ ವಾಕ್‌ಓವರ್. ಹನ್ನೊಂದು ಜನರಿಲ್ಲದೆ ಮೈದಾನಕ್ಕೆ ಇಳಿಸುವುದಿಲ್ಲವೆಂಬುದು ಆ ವಲಯದ ಕಟ್ಟಳೆ; ಅಷ್ಟು ಜನ ಕೂಡದೆ, ಎದುರಿನ ತಂಡ ಚೆಂಡನ್ನು ಮುಟ್ಟದೆಯೇ ಗೆದ್ದು ಮನೆಗೆ ಹೋಗಿತ್ತು.

ಮೂರನೆಯ ಆಗಸ್ಟಿನಲ್ಲಿ ಪ್ರಿನ್ಸಿಪಾಲರು ಕರೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಟರಾಜು, ಈ ಸಲವೂ ವಾಕ್‌ಓವರ್ ಆದರೆ ನಮ್ಮ ತಂಡವನ್ನೇ ಪಟ್ಟಿಯಿಂದ ತೆಗೀತಾರಂತೆ. ತಂಡ ಇಲ್ಲ ಅಂದಮೇಲೆ ಕೋಚ್ ಯಾಕೆ, ನೀವೇ ಹೇಳಿ. ಕೆ.ಆರ್. ನಗರದಲ್ಲಿ ಪಂದ್ಯ. ನೀವೇ ಮುಂದೆ ನಿಂತು ಆಡಿಸಬೇಕು. ವಿಶ್ವವಿದ್ಯಾಲಯದವರು ನೋಡೋಕೆ ಬರ್ತಾರೆ," ಎಂದರು.

ನಟರಾಜು ತಲೆಯಾಡಿಸಿ ಹೊರಗೆ ಬಂದ. ಭಯಕ್ಕಿಂತ ಆಯಾಸವೇ ಹೆಚ್ಚಾಗಿತ್ತು. ಸೇರಿದ ಹೊಸದರಲ್ಲಿ ಅವನು ಗೋವಿಂದಯ್ಯನವರ ಮನೆಗೆ ಹೋಗಿ, ಸೆಪ್ಟೆಂಬರಿನಲ್ಲಿ ಹುಡುಗರನ್ನು ಹೇಗೆ ಕೂಡಿಸುತ್ತಿದ್ದಿರಿ ಎಂದು ಕೇಳಿದ್ದ. ಸೊಂಟಕ್ಕೆ ಅಗಲದ ಪಟ್ಟಿ ಬಿಗಿದುಕೊಂಡು ಜಗುಲಿಯಲ್ಲಿ ಕೂತಿದ್ದ ಮುದುಕ, "ನಿಂಗೆ ಬೆಂಕಿ ಇಕ್ಕಕ್ಕೆ ಬತ್ತದೇನಪ್ಪಾ?" ಎಂದಿದ್ದರು. ಸರ್ಟಿಫಿಕೇಟಿನವನನ್ನು ಮುದುಕ ಗೇಲಿ ಮಾಡುತ್ತಿದ್ದಾನೆ ಎಂದುಕೊಂಡು ಎದ್ದು ಬಂದಿದ್ದ. ಗೋವಿಂದಯ್ಯನವರ ಮಾತಿಗೆ ಹುಡುಗರು ಬರುತ್ತಿದ್ದರು, ತನ್ನ ಮಾತಿಗೆ ಬರುತ್ತಿಲ್ಲ. ಅಷ್ಟೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಈ ಸಲ ಹುಡುಗರನ್ನು ಬಿಟ್ಟು ನೇರ ಅವರ ಮನೆಗಳಿಗೇ ಹೋದ. ಮೊದಲು ಹೋದದ್ದು ಗೋಲ್‌ಕೀಪರ್ ಮಾದೇಶನ ಮನೆಗೆ. ಮಾದೇಶನ ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ತಾಯಿ ಚಿಕ್ಕಬೀರಮ್ಮ ನೆರಳಿನಲ್ಲಿ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ಒಂದೇ ದಿನ ಕಣಮ್ಮ. ಬೆಳಿಗ್ಗೆ ಹೋದ್ರೆ ಸಂಜಿಕ್ಕೆ ಬಂದ್ಬುಡ್ತಾನೆ."

"ಬೆಂಕಿಗೆ ಹೇಳಿ ಮೇಷ್ಟ್ರೇ, ಒಂದೇ ದಿನ ಸುಮ್ಕಿರು ಅಂತ. ಅದು ಒಪ್ಪುದ್ರೆ ನಂದೇನೂ ಇಲ್ಲ."

"ಗೋವಿಂದಯ್ಯ ಮೇಷ್ಟ್ರು ಕೇಳಿದ್ರೆ ಕಳಿಸ್ತಿದ್ರಂತೆ?"

ಆಗ ಅವಳು ತಲೆ ಎತ್ತಿದಳು. "ಅವ್ರು ಕೇಳ್ತಿದ್ರಾ? ಅವ್ರು ನಮ್ಮ ಮುಯ್ಯಾಳು ಕಣ್ರೀ. ನಮ್ಮ ಮೈದ್ನ ಆಡೋ ಕಾಲ್ದಲ್ಲಿ, ಹುಡುಗ್ನ ಒಂದಿನ ಕಳ್ಸಿ, ನಾ ಒಂದಿನ ಬತ್ತೀನಿ ಅನ್ನೋರು. ಬರೋರು. ಸೌದೆ ಹೊರೋರು, ಬ್ಯಾರನ್ ತುಂಬೋರು. ಈ ಊರಲ್ಲಿ ಅವ್ರು ಬೆನ್ನು ಬಗ್ಗಿಸ್ದೆ ಇರೋ ಬ್ಯಾರನ್ ಇಲ್ಲ. ಆ ಸೊಂಟ ಚೆಂಡು ಒದ್ದು ಹೋಯ್ತು ಅಂದ್ಕಂಡಿದ್ರಾ?"

ನಟರಾಜುವಿಗೆ ಮುಯ್ಯಿ ಗೊತ್ತಿಲ್ಲದ್ದೇನಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ದುಡ್ಡಿನ ಮಾತಿಲ್ಲ. ಅವನ ತಾಯಿ ದೊಡ್ಡತಾಯಮ್ಮ ನಾಟಿ ಮಾಡಿಸುವುದೇ ಹಾಗೆ. ಆದರೆ ಅದಕ್ಕೂ ಫುಟ್‌ಬಾಲಿಗೂ ನಂಟಿರಬಹುದೆಂದು ಅವನಿಗೆ ಯಾವ ತರಗತಿಯಲ್ಲೂ ಯಾರೂ ಹೇಳಿರಲಿಲ್ಲ. ಹೇಳಿದ್ದ ಒಬ್ಬರ ಮಾತನ್ನು ಅವನು ಗೇಲಿ ಅಂದುಕೊಂಡಿದ್ದ.

"ನಾನೂ ಬತ್ತೀನಿ," ಎಂದ.

ಐದೂ ಮನೆಗಳಲ್ಲಿ ಅದೇ ಮಾತು ಕೊಟ್ಟ. ಕಾಲೇಜು ಬಿಟ್ಟ ಮೇಲೆ, ಭಾನುವಾರ, ರಜಾದಿನ ಎನ್ನದೆ ಬೆಟ್ಟದಪುರದ ಬಸ್ಸು ಹತ್ತಿದ. ಒಂದು ಮನೆಯಲ್ಲಿ ಸೌದೆ ಸೀಳಿದ, ಇನ್ನೊಂದರಲ್ಲಿ ಸೊಪ್ಪು ಮುರಿದ. ಸೊಪ್ಪಿನ ಅಂಟು ಅಂಗೈಗೆ ಮೆತ್ತಿ ಕಪ್ಪಾಯಿತು. ಎಷ್ಟು ಉಜ್ಜಿದರೂ ಬಿಡಲಿಲ್ಲ. ಸ್ಟಾಫ್ ರೂಮಿನಲ್ಲಿ ಇತಿಹಾಸದ ಮೇಷ್ಟ್ರು, "ಏನ್ರೀ ನಟರಾಜು, ಫುಟ್‌ಬಾಲ್ ಕೈಯಲ್ಲಿ ಆಡ್ತಿದ್ದೀರಾ?" ಎಂದರು. ನಗಬೇಕಾಗಿತ್ತು. ನಕ್ಕ.

ನಾಲ್ಕು ಮನೆಗಳಲ್ಲಿ ಪಂದ್ಯದ ದಿನ ಬೆಂಕಿ ನೋಡಿಕೊಳ್ಳಲು ಅಪ್ಪನೋ ಅಣ್ಣನೋ ಇದ್ದರು. ಚಿಕ್ಕಬೀರಮ್ಮನ ಮನೆಯಲ್ಲಿ ಅವಳು, ಮಗ, ಇಬ್ಬರೇ. ಅಲ್ಲಿ ಅವನು ಒಂದು ಇಡೀ ಭಾನುವಾರ ಅವಳ ಜೊತೆ ಬ್ಯಾರನ್ ಖಾಲಿ ಮಾಡಿದ. ಹೊರಡುವಾಗ, "ಅಲ್ಲಿಗಾಯ್ತಲ್ಲಮ್ಮ?" ಎಂದ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆಯಿತೆಂದೇ ತಿಳಿದು ಅವನು ಬಸ್ಸಿಗೆ ಓಡಿದ.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ, ಬೂಟು ಜರ್ಸಿ ಹಂಚುತ್ತಿದ್ದಾಗ ಮಾದೇಶ ಬಂದು ನಿಂತ. "ಸಾ, ಅವ್ವ ಮೊನ್ನೆ ಬ್ಯಾರನ್ ತುಂಬ್ತು. ನಾಳಿಕ್ಕೆ ನಿಮ್ಮನ್ನ ಬರಾಕೇಳ್ತು."

"ನಾಳೆ ಮ್ಯಾಚು ಕಣ್ಲಾ!"

"ಅದ್ಕೇ ಸಾ. ನಾ ಬತ್ತೀನಲ್ಲ, ಅದ್ಕೇ ನಿಮ್ಮನ್ನ."

ನಟರಾಜು ಆಗಲೇ ಬಸ್ಸು ಹಿಡಿದು ಬೆಟ್ಟದಪುರಕ್ಕೆ ಹೋದ. ಚಿಕ್ಕಬೀರಮ್ಮ ಬ್ಯಾರನ್ನಿನ ಗಾಜಿನ ಕಿಂಡಿಯಲ್ಲಿ ಇಣುಕಿ ಒಳಗೆ ತೂಗುಹಾಕಿದ್ದ ಉಷ್ಣಮಾಪಕ ನೋಡುತ್ತಿದ್ದಳು.

"ಅವತ್ತು ಭಾನುವಾರ ನಾ ಗೇದದ್ದು ಏನಾಯ್ತಮ್ಮ?"

"ಅದು ನೀವಾಗಿ ಬಂದದ್ದು ಮೇಷ್ಟ್ರೇ. ಬ್ಯಾಡ ಅನ್ನಕ್ಕಾಯ್ತದಾ? ಮುಯ್ಯಿ ಅಂದ್ರೆ ಕರ್ದಾಗ ಬರಾದು. ನಿಮ್ಮೂರಲ್ಲಿ ಎಂಗೆ?"

ನಟರಾಜುವಿನ ಊರಲ್ಲೂ ಹಾಗೆಯೇ. ನಾಟಿಯ ದಿನ ಕರೆದಾಗ ಬಾರದೆ, ಕಳೆ ತೆಗೆಯಲು ತಾನಾಗಿ ಹೋಗಿದ್ದೆ ಎಂದು ಯಾರಾದರೂ ಲೆಕ್ಕ ಹೇಳಿದರೆ ದೊಡ್ಡತಾಯಮ್ಮ ಅವರನ್ನು ಜಗುಲಿ ಹತ್ತಿಸುತ್ತಿರಲಿಲ್ಲ.

"ನಾ ಇಲ್ಲಿ ಕೂತ್ರೆ ನನ್ ಕೆಲ್ಸ ಹೋಯ್ತದಮ್ಮ."

ಅವಳು ಕಿಂಡಿಯಿಂದ ಮುಖ ತೆಗೆದಳು. ದನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ. "ಒಳಗೆ ಸೊಪ್ಪು ಹಣ್ಣಾಗಿ ಹಳದಿಯಾಗ್ಯದೆ. ನಾಳಿಕ್ಕೆ ಶಾಖ ಏರಿಸ್ಬೇಕು, ಒಬ್ಬಳ ಕೈಲಾಗಲ್ಲ. ಬ್ಯಾರೆ ದಿನ ಆಗಿದ್ರೆ ಕರೀತಿರ್ಲಿಲ್ಲ. ನೀವು ಬರ್ದಿದ್ರೆ ಅವ್ನು ಇರ್ತಾನೆ. ನಿಮ್ಮಿಷ್ಟ."

ಮಾದೇಶ ಇಲ್ಲದಿದ್ದರೆ ಹತ್ತು ಜನ. ಮತ್ತೆ ವಾಕ್‌ಓವರ್. ತಾನು ಪಂದ್ಯಕ್ಕೆ ಹೋಗದಿದ್ದರೆ ಹನ್ನೊಂದು ಜನ, ಕೋಚ್ ಇಲ್ಲ. ಬಸ್ಸಿನಲ್ಲಿ ಹಿಂತಿರುಗುವಾಗ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದ. ಹೇಗೆ ನೋಡಿದರೂ ಅಷ್ಟೇ ಇತ್ತು. ಪಿರಿಯಾಪಟ್ಟಣದಲ್ಲಿ ಇಳಿದವನು ಗೋವಿಂದಯ್ಯನವರ ಜಗುಲಿಗೆ ಹೋಗಿ ನಿಂತ.

"ನಾಳೆ ಹುಡುಗ್ರ ಜೊತೆ ಹೋಗ್ಬೇಕು ಸಾರ್ ನೀವು. ನನಗೆ ಬೆಂಕಿ ಇಕ್ಕೋದದೆ."

ಮುದುಕ ಅವನ ಕೈಗಳನ್ನು ನೋಡಿದರು. ಎದ್ದು ಒಳಗೆ ಹೋಗಿ, ಗೂಟಕ್ಕೆ ತೂಗುಬಿಟ್ಟಿದ್ದ ಹಳೆಯ ಸೀಟಿಯನ್ನು ಹುಡುಕಿ ತಂದು ಜೇಬಿಗಿಟ್ಟುಕೊಂಡರು.

ಬೆಳಿಗ್ಗೆ ಹುಡುಗರು ಕೆ.ಆರ್. ನಗರದ ಕಡೆ ಹೋದರು. ನಟರಾಜು ಬೆಟ್ಟದಪುರದ ಕಡೆ. ಬಿಸಿಲೇರಿತು. ಒಲೆಯ ಬಾಯಿಯ ಮುಂದೆ ಕೂತು ಸೌದೆ ನೂಕುತ್ತ, ಈಗ ಇಳಿದಿರುತ್ತಾರೆ, ಈಗ ಬೂಟು ಕಟ್ಟಿರುತ್ತಾರೆ ಎಂದು ಎಣಿಸಿದ. ಎಡಗಡೆ ಆಡುವವನಿಗೆ ಮುಂದೆ ನುಗ್ಗಬೇಡವೆಂದು ಹೇಳುವುದು ಮರೆತಿತ್ತು.

"ಅಂಗೆ ತುರುಕ್ಬ್ಯಾಡಿ, ಬೆಂಕಿಗೆ ಉಸ್ರು ಕಟ್ತದೆ," ಎಂದಳು ಚಿಕ್ಕಬೀರಮ್ಮ. ಬಂದು ಕೊರಡನ್ನು ಹಿಂದಕ್ಕೆ ಎಳೆದು ಓರೆಯಾಗಿಟ್ಟಳು. "ಅವ್ರೂ ನಿಮ್ಮಂಗೇ. ಮದ್ವೆ ಆದ ಹೊಸದ್ರಲ್ಲಿ ಇಂಗೇ ತುರುಕ್ತಿದ್ರು. ನಾ ಬೈತಿದ್ದೆ."

ಅವಳು 'ಅವ್ರು' ಎಂದದ್ದು ತೀರಿಹೋದ ಗಂಡನನ್ನೆಂದು ತಿಳಿಯಲು ಅವನಿಗೆ ಕೊಂಚ ಹೊತ್ತು ಹಿಡಿಯಿತು. ತಿಳಿದ ಮೇಲೆ ಮುಂದಿನ ಕೊರಡನ್ನು ಅವಳಿಟ್ಟಂತೆಯೇ ಓರೆಯಾಗಿಟ್ಟ. ಅವಳು ಕಿಂಡಿಗೆ ಹೋಗಿ ಶಾಖ ನೋಡಿ, ಸಾಕು ಎಂಬಂತೆ ಕೈ ಮಾಡಿದಳು.

ಮಧ್ಯಾಹ್ನ ಮುದ್ದೆ, ಅವರೆಸಾರು ಇಟ್ಟು, "ಈಗ ಸುರುವಾಗಿರ್ತದಾ?" ಎಂದು ಕೇಳಿದಳು.

"ಮುಗಿದೋಗಿರ್ತದೆ."

"ಓ," ಎಂದು ಇನ್ನೊಂದು ಸೌಟು ಸಾರು ಬಿಟ್ಟಳು.

ಸಂಜೆಯ ಬಸ್ಸಿಗೆ ಮಾದೇಶ ಇಳಿದು, ಬೂಟುಗಳನ್ನು ಹೆಗಲಿಗೆ ಹಾಕಿಕೊಂಡು ಬದುವಿನ ಮೇಲೆ ನಡೆದುಬಂದ. ಮೊಣಕೈ ತರಚಿತ್ತು. ಬಂದವನೇ ಮೊದಲು ಕಿಂಡಿಯಲ್ಲಿ ಇಣುಕಿ ಶಾಖ ನೋಡಿದ. ಆಮೇಲೆ ಮೇಷ್ಟ್ರ ಕಡೆ ತಿರುಗಿದ.

"ಸೋತೋ ಸಾ. ಕೋಟೆ ಕಾಲೇಜೋರು ಮೂರು, ನಾವು ಎರಡು."

"ಪೂರ್ತಿ ಆಡಿದ್ರೇನ್ಲಾ?"

"ಪೂರ್ತಿ ಆಡುದೋ. ಗೋವಿಂದಯ್ಯ ಮೇಷ್ಟ್ರು ಕುಂತ್ಕಳಕ್ಕಾಗ್ದೆ ಕೊನೇವರ್ಗೂ ನಿಂತೇ ಇದ್ರು."

ನಟರಾಜು ಸೌದೆಯ ರಾಶಿಗೆ ಒರಗಿದ. ತಂಡ ಉಳಿಯಿತು. ಸಂತೋಷ ಎಲ್ಲೋ ಇರಬೇಕಿತ್ತು; ಅದನ್ನು ಹುಡುಕುವಷ್ಟು ಶಕ್ತಿ ಮೈಯಲ್ಲಿರಲಿಲ್ಲ.

ಏಪ್ರಿಲ್‌ನಲ್ಲಿ ಆರ್ಡರು ಮುಗಿಯಿತು. ಜೂನ್‌ನಲ್ಲಿ ಪ್ರಿನ್ಸಿಪಾಲರ ಕೋಣೆಗೆ ಹೋದಾಗ ಅವರು ಕನ್ನಡಕ ತೆಗೆದಿಟ್ಟರು. ಅಷ್ಟರಲ್ಲೇ ಅವನಿಗೆ ಅರ್ಥವಾಯಿತು.

"ನೋಡಿ, ಗೋವಿಂದಯ್ಯ ಒಂದು ಮಾತು ಹೇಳಿದ್ದಕ್ಕೆ ಹುಡುಗರು ಹೇಗೆ ಬಂದರು! ಅದು ಅನುಭವ. ಗೌರವಧನದ ಮೇಲೆ ಅವರನ್ನೇ ಮತ್ತೆ ಕರೆದಿದ್ದೇವೆ. ಅವತ್ತು ಮೈದಾನದಲ್ಲಿ ವಿಶ್ವವಿದ್ಯಾಲಯದವರು ಕೋಚ್ ಎಲ್ಲಿ ಅಂತ ಕೇಳಿದರಂತೆ."

"ನಾನು ಬ್ಯಾರನ್ನಲ್ಲಿದ್ದೆ ಸರ್."

"ಅದನ್ನೇ ನಾನೂ ಹೇಳ್ತಿರೋದು. ಕೋಚ್ ಇರಬೇಕಾದ್ದು ಮೈದಾನದಲ್ಲಿ."

ನಟರಾಜು ಇನ್ನೂ ಹೇಳಬಹುದಿತ್ತು. ಆದರೆ ಈ ಮನುಷ್ಯ ಇವತ್ತು ನಂಬಿರುವುದನ್ನೇ ತಾನೂ ಎರಡು ವರ್ಷ ನಂಬಿದ್ದೆನಲ್ಲ ಎನಿಸಿತು. ನಮಸ್ಕಾರ ಹೇಳಿ ಹೊರಬಂದ.

ಗೇಟಿನ ಬಳಿ ಗೋವಿಂದಯ್ಯ ಕಾಯುತ್ತಿದ್ದರು. "ನಾ ಒಲ್ಲೆ ಅಂದೆ ಕಣಪ್ಪ. ಅಂಗಾದ್ರೆ ತಂಡನೇ ಬ್ಯಾಡ ಬುಡಿ ಅಂದ್ರು," ಎಂದರು. ಸೊಂಟದ ಪಟ್ಟಿಯನ್ನು ಒಮ್ಮೆ ಬಿಗಿ ಮಾಡಿ, ಒಮ್ಮೆ ಸಡಿಲ ಮಾಡಿದರು. ನಟರಾಜು, "ಒಳ್ಳೇದಾಯ್ತು ಬುಡಿ ಸಾರ್," ಎಂದ. ಇಬ್ಬರೂ ಬಸ್‌ಸ್ಟ್ಯಾಂಡಿನ ತನಕ ಜೊತೆಗೇ ನಡೆದರು.

ಆಗಸ್ಟಿನಲ್ಲಿ ಚುಂಚನಕಟ್ಟೆಯ ಬಯಲಿಗೆ ನಾಲೆಯ ನೀರು ಬಂತು. ದೊಡ್ಡತಾಯಮ್ಮನ ಗದ್ದೆಯಲ್ಲಿ ನಾಟಿ. ನಟರಾಜು ಪೈರಿನ ಕಟ್ಟುಗಳನ್ನು ಎಸೆಯುತ್ತಿದ್ದಾಗ ಬದುವಿನ ಮೇಲೆ ಯಾರೋ ಸೀರೆ ಎತ್ತಿಕಟ್ಟುತ್ತಿರುವುದು ಕಂಡಿತು. ಚಿಕ್ಕಬೀರಮ್ಮ.

"ನೀವೇನಮ್ಮ ಇಲ್ಲಿ?"

"ನಿಮ್ದೊಂದು ಭಾನುವಾರ ನಮ್ಮನೇಲಿ ಉಳ್ಕಂಡಿತ್ತಲ್ಲ. ತೀರ್ಸಕ್ಕೆ ಬಂದೆ. ಮುಂದಿನ ವಾರ ಸೊಪ್ಪು ಮುರೀಬೇಕು, ಆಮ್ಯಾಕೆ ಬರಕ್ಕಾಗಲ್ಲ."

"ಅದು ನಾನಾಗಿ ಬಂದದ್ದು ಅಂದಿದ್ರಲ್ಲ?"

"ನಾನೂ ನಾನಾಗೇ ಬಂದೀನಿ," ಎಂದು ಕೆಸರಿಗೆ ಇಳಿದಳು.

ನಾಟಿ ಹೊಸದಾದರೂ ಅವಳ ಸಾಲು ಓರೆಯಾಗಲಿಲ್ಲ. ಬಗ್ಗಿದ್ದವಳು ಬಗ್ಗಿದ್ದಂತೆಯೇ ಹೇಳಿದಳು: "ಗೋವಿಂದಯ್ಯ ಮೇಷ್ಟ್ರು ಹೋದ ತಿಂಗ್ಳು ನಮ್ಮ ಸೌದೆ ಎತ್ತಕ್ಕೆ ಹೋಗಿ ಸೊಂಟ ಹಿಡ್ಕಂಡು ಕೂತ್ಬುಟ್ರು. ಎಬ್ಬಿಸಿ ಗಾಡಿ ಮೇಲೆ ಕಳುಸ್ದೋ. ಇದು ಮಾದೇಶಂಗೆ ಕಡೇ ವರ್ಸ. ಮ್ಯಾಚು ಸೆಪ್ಟೆಂಬರ್‌ಗೇ ಅಂತೆ."

ನಟರಾಜು ಈಗ ಆ ಕಾಲೇಜಿಗೆ ಏನೂ ಅಲ್ಲ. ಇನ್ನೊಂದು ಕಟ್ಟು ಪೈರು ತಂದು ಅವಳ ಪಕ್ಕದಲ್ಲಿಟ್ಟ.

ಹೊತ್ತು ಇಳಿಯಿತು. ಆಳುಗಳೆಲ್ಲ ನಾಲೆಯಲ್ಲಿ ಕಾಲು ತೊಳೆದು ಮೇಲೆ ಬಂದರು. ಪಿರಿಯಾಪಟ್ಟಣಕ್ಕೆ ಹೋಗುವ ಕೊನೆಯ ಬಸ್ಸು ಇನ್ನೇನು ಬರುವುದಿತ್ತು. ಚಿಕ್ಕಬೀರಮ್ಮ ಸೀರೆಯ ನೆರಿಗೆ ಇಳಿಸಿಕೊಂಡು, ನೆಡದೆ ಉಳಿದಿದ್ದ ಮೇಲಿನ ಮಡಿಯನ್ನು ಒಂದು ಸಲ ನೋಡಿದಳು.

"ಅದೊಂದು ಮಡಿ ಉಳೀತಲ್ಲ. ನಾಳಿಕ್ಕೂ ಇರ್ತೀನಿ ಬುಡಿ," ಎಂದಳು.

ಇವತ್ತಿನ ದಿನಕ್ಕೆ ಹಳೆಯ ಮುಯ್ಯಿ ತೀರಿತ್ತು. ನಾಳೆಯದು ಹೊಸದು. ಸೆಪ್ಟೆಂಬರಿನಲ್ಲಿ ಅವಳು ಕರೆಯುತ್ತಾಳೆ, ಕರೆದಾಗ ಹೋಗಬೇಕು. ಬೇಡಮ್ಮ, ನೀವು ಹೊರಡಿ, ಬಸ್ಸು ಬರುತ್ತದೆ ಎನ್ನಬೇಕಿತ್ತು. ನಟರಾಜು ಕೈಯ ಕೆಸರು ತೊಳೆಯುತ್ತ ಬಗ್ಗಿಯೇ ಇದ್ದ. ರಸ್ತೆಯಲ್ಲಿ ಬಸ್ಸು ನಿಂತಿತು. ಯಾರೂ ಹತ್ತಲಿಲ್ಲ, ಹೊರಟಿತು.

"ಅವ್ವಾ," ಎಂದು ತಾಯಿಗೆ ಕೂಗಿ ಹೇಳಿದ, "ಇವತ್ತು ಇನ್ನೊಂದು ಮುದ್ದೆ ಜಾಸ್ತಿ ಇಕ್ಕು."