ಚಂದ್ರವ್ವ ಗಂಜಿ ಬಸಿದ ದಿನ

ಖಾನಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಅನುಜಾ ಬೆಳಗಾವಿಯ ಕಾರ್ಯಾಗಾರದಿಂದ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡು ಬಂದಿದ್ದಳು: ಏನನ್ನಾದರೂ ತಯಾರಿಸುವ ಮೊದಲು ಅದನ್ನು ಬಳಸುವವರನ್ನು ಕೇಳಬೇಕು. ಏಳನೆಯ ತರಗತಿಯವರಿಗೆ ಅದನ್ನು ಮೂರು ಸಲ ಹೇಳಿಯೂ ಹೇಳಿದ್ದಳು. ಆದರೂ ದಾನೇಶ್ವರಿಯ ಗುಂಪು ಯಾರನ್ನೂ ಕೇಳದೆ, ಬಿಸಿಯೂಟದ ಅಡುಗೆ ಮಾಡುವ ಚಂದ್ರವ್ವನಿಗಾಗಿ, ಪಾತ್ರೆ ಸಾಗಿಸಲೆಂದು, ರಟ್ಟಿನ ತಳ್ಳುಗಾಡಿಯೊಂದನ್ನು ಮಾಡಿತು. ಅದಕ್ಕೆ ಕೆಂಪು ದೀಪವೂ ಇತ್ತು.

ಚಂದ್ರವ್ವ ಅದನ್ನು ನೋಡಿ ನಕ್ಕಳು. "ಛಲೋ ಐತಿ ಬಿಡವಾ. ಆದ್ರ ಪಾತೇಲಿ ಒಯ್ಯೂದು ನನಗ ತ್ರಾಸಲ್ಲ."

"ಮತ್ಯಾವ್ದು ತ್ರಾಸ, ಆಯಿ?" ದಾನೇಶ್ವರಿ ಕೇಳಿದಳು.

"ಏನಿಲ್ಲ, ಹೋಗ್ರಿ."

ಮಕ್ಕಳು ಹೋಗಲಿಲ್ಲ. ಮರುದಿನ ಅಡುಗೆಮನೆಯ ಬಾಗಿಲಲ್ಲಿ ಕುಳಿತು, ನೋಡಿದ್ದನ್ನೆಲ್ಲ ಚಿತ್ರ ಬರೆದುಕೊಂಡರು. ಅನ್ನದ ಪಾತ್ರೆಯನ್ನು ಬಗ್ಗಿಸಿ ಗಂಜಿ ಬಸಿಯುವಾಗ ಚಂದ್ರವ್ವ ಭಾರವನ್ನೆಲ್ಲ ಎಡಗೈಗೇ ಕೊಡುವುದು ದಾನೇಶ್ವರಿಯ ಕಣ್ಣಿಗೆ ಬಿತ್ತು.

"ಆಯಿ, ನಿಮ್ಮ ಬಲಗೈ ನೋಯತೈತೇನ್ರಿ?"

ಚಂದ್ರವ್ವ ಪಾತ್ರೆ ಕೆಳಗಿಟ್ಟು ಹೊರಗೆ ಹೋದಳು. ಮಕ್ಕಳ ಜೊತೆಗಿದ್ದ ಅನುಜಾ ಹಿಂದೆಯೇ ಹೋದಾಗ ಚಂದ್ರವ್ವನ ಕಣ್ಣು ತುಂಬಿತ್ತು.

"ಆರು ತಿಂಗಳಾತ್ರಿ ಟೀಚರ್, ಮಣಿಕಟ್ಟಿನ್ಯಾಗ ಶಕ್ತೀನ ಇಲ್ಲ. ಗೊತ್ತಾದ್ರ ಕೆಲಸ ಬಿಡಸ್ತಾರ ಅಂತ ಯಾರಿಗೂ ಹೇಳಿಲ್ಲ. ಹುಡುಗ್ರು ನೋಡಿಬಿಟ್ರು."

ಸಂಜೆ ಬೆಳಗಾವಿಯ ಮನೆಗೆ ಮರಳುವ ಬಸ್ಸಿನಲ್ಲಿ ಅನುಜಾಳಿಗೆ ಬೇರೆ ಯೋಚನೆಯೇ ಬರಲಿಲ್ಲ. ಪಾಠದ ಹೆಸರಿನಲ್ಲಿ ಬಡ ಹೆಂಗಸಿನ ಗುಟ್ಟನ್ನು ಬಯಲಿಗೆಳೆದೆವೇ? ಇದನ್ನು ಇಲ್ಲಿಗೇ ನಿಲ್ಲಿಸಬೇಕೆಂದುಕೊಂಡಳು.

ಆದರೆ ಬೆಳಗ್ಗೆ ಚಂದ್ರವ್ವನೇ ತರಗತಿಗೆ ಬಂದಳು. "ನೋಡಿದ್ದು ನೋಡೀರಿ, ಈಗ ಅರ್ಧಕ್ಕ ಬಿಡಬ್ಯಾಡ್ರಿ. ಗಂಜಿ ಬಸಿಯಾಕ ಏನರ ಮಾಡಿಕೊಡ್ರಿ."

ಮಕ್ಕಳು ಅನ್ನದ ಪಾತ್ರೆಯ ಮಾದರಿಯಾಗಿ ಎಣ್ಣೆಯ ಡಬ್ಬಿಯೊಂದಕ್ಕೆ ನೀರು ತುಂಬಿ, ಅದರ ಎರಡೂ ಬದಿಗೆ ಮೊಳೆ ಸಿಕ್ಕಿಸಿ ಮರದ ಚೌಕಟ್ಟಿನಲ್ಲಿ ತೂಗುಬಿಟ್ಟರು. ಮೊಳೆ ಕೆಳಗಿದ್ದಾಗ ಮುಟ್ಟಿದರೆ ಸಾಕು, ಡಬ್ಬಿ ಮಗುಚಿಬಿಡುತ್ತಿತ್ತು. ತೀರಾ ಮೇಲಿಟ್ಟರೆ ಬಗ್ಗಿಸಲು ಬಹಳ ಜೋರು ಬೇಕಿತ್ತು. ನಾಲ್ಕು ದಿನ ತರಗತಿಯ ನೆಲ ಒದ್ದೆಯಾಗಿಯೇ ಇತ್ತು. ಕೊನೆಗೆ ನಡುವಿಗಿಂತ ಎರಡು ಬೆರಳು ಮೇಲೆ ಮೊಳೆ ಹೊಡೆದಾಗ ಡಬ್ಬಿ ಮೆಲ್ಲಗೆ ಬಗ್ಗಿತು, ಬಿಟ್ಟರೆ ತಾನೇ ನೆಟ್ಟಗಾಯಿತು. ಈ ಸಲ ಕೇಳುವುದನ್ನು ಮರೆಯಲಿಲ್ಲ. ಹಿಡಿ ಎಷ್ಟೆತ್ತರ ಇರಬೇಕೆಂದು ಚಂದ್ರವ್ವನನ್ನೇ ನಿಲ್ಲಿಸಿ, ದಾರದಿಂದ ಅಳೆದರು.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಲೇಥ್ ಯಂತ್ರ ನಡೆಸುವ ಅನುಜಾಳ ತಂದೆ ಜಿನಪಾಲ ಆ ಅಳತೆಗೆ ಕಬ್ಬಿಣದ ಸ್ಟ್ಯಾಂಡು ಮಾಡಿಕೊಟ್ಟರು. ಪಾತ್ರೆಗೆ ಭದ್ರ ಪಟ್ಟಿ, ಕದಲದ ತೂತಿನ ಮುಚ್ಚಳ, ಉದ್ದನೆಯ ಹಿಡಿ. ಶನಿವಾರ ತಣ್ಣೀರು ತುಂಬಿ ಇಪ್ಪತ್ತು ಸಲ ಬಗ್ಗಿಸಿ ನೋಡಿದರು.

ಸೋಮವಾರ ಕುದಿಯುವ ಅನ್ನ. ಮಕ್ಕಳನ್ನು ಹೊಸ್ತಿಲಾಚೆ ನಿಲ್ಲಿಸಿ, ಅನುಜಾ ತಣ್ಣೀರಿನ ಬಕೆಟ್ಟು ಹಿಡಿದು ನಿಂತಳು. ಸುದ್ದಿ ಕೇಳಿ ಮುಖ್ಯೋಪಾಧ್ಯಾಯ ಗುರುಪುತ್ರಪ್ಪನವರೂ ಬಂದರು. ಚಂದ್ರವ್ವ ಎಡಗೈಯಿಂದ ಹಿಡಿಯನ್ನು ಒತ್ತಿದಳು. ಪಾತ್ರೆ ನಿಧಾನವಾಗಿ ವಾಲಿ, ಬಿಳಿಯ ಗಂಜಿ ಎಳೆಯಾಗಿ ಬೋಗುಣಿಗೆ ಇಳಿಯಿತು. ಅವಳು ಕೈ ಸಡಿಲಿಸಿದಳು. ಪಾತ್ರೆ ಎದ್ದು ನೆಟ್ಟಗೆ ನಿಂತಿತು.

"ಒಂದ ಕೈಯಾಗ ಯಾಕ, ಚಂದ್ರವ್ವಾ?" ಗುರುಪುತ್ರಪ್ಪ ಕೇಳಿದರು.

ಚಂದ್ರವ್ವ ಅನುಜಾಳ ಕಡೆ ನೋಡಿದಳು, ಆಮೇಲೆ ನೆಲ ನೋಡುತ್ತ ಎಲ್ಲ ಹೇಳಿದಳು.

"ಆರು ತಿಂಗಳು ಸುಮ್ನ ಇದ್ದೀರೇನು?" ಅವರ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. "ನಾಳೆ ಟೀಚರ್ ಕೂಡ ದವಾಖಾನಿಗೆ ಹೋಗ್ರಿ. ಒಂದು ದಿನ ಬದಲಿಗೆ ಬರೂ ರೇಣವ್ವ ಅಡಗಿ ನೋಡ್ಕೊತಾಳ. ಕೆಲಸ ಬಿಡಸೂ ಮಾತು ಯಾರು ಹೇಳಿದ್ರು ನಿಮಗ?"

ಚಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮಣೆಯ ಮೇಲೆ ಕುಸಿದು ಕುಳಿತಳು. ಅಳುತ್ತಿದ್ದಾಳೆಂದು ದಾನೇಶ್ವರಿ ಓಡಿ ಬಂದರೆ, ಅವಳು ನಗುತ್ತಿದ್ದಳು. ಅನುಜಾಳ ಎದೆಯ ಮೇಲಿಂದ ವಾರಗಳ ಭಾರ ಒಮ್ಮೆಲೇ ಇಳಿಯಿತು. ಬಕೆಟ್ಟನ್ನು ಕೆಳಗಿಟ್ಟು, ಮರಗಟ್ಟಿದ್ದ ಬೆರಳುಗಳನ್ನು ಬಿಡಿಸಿಕೊಂಡು, ಅವಳೂ ಮಕ್ಕಳ ಜೊತೆ ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತಳು.